ಉಂಡು ಮಲಗುವ ತನಕ

'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ' ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಆದರೆ ಮುಶಿಗೇರಿಯೇ ಮೊದಲಾದ ನಮ್ಮ ಎರೆಸೀಮೆಯ ಊರುಗಳಲ್ಲಿ ಇದು ಬರಿಯ ಗಾದೆಯಾಗಿ ಉಳಿದಿಲ್ಲ. ಸಾಕ್ಷಿಯಿಲ್ಲದೆ, ವಿಚಾರಣೆಯಿಲ್ಲದೆ ಕೊಡುವ ತೀರ್ಪಾಗಿ ಪರಿಣಮಿಸಿದೆ. ಪೆಟ್ಟು ತಿಂದ ಹೆಣ್ಣುಮಗಳು ಸರಿರಾತ್ರಿಯಲ್ಲಿ ನೆರೆಮನೆಯ ಕದವನ್ನು ತಟ್ಟಿದರೆ ಒಳಗಿನವರು ಈ ಗಾದೆಯನ್ನು ನೆನೆದು ಮಗ್ಗುಲು ಬದಲಿಸುತ್ತಾರೆ. ಅವಳು ತವರಿಗೆ ಬಂದರೆ ತಂದೆಯು ಇದೇ ಗಾದೆಯನ್ನು ಹೇಳಿ ಮರುದಿನದ ಬಸ್ಸಿಗೆ ಹತ್ತಿಸುತ್ತಾನೆ. ದೈವದ ಕಟ್ಟೆಗೆ ಹೋದರೆ ಹಿರಿಯರು ಇದರಿಂದಲೇ ಮಾತನ್ನು ಆರಂಭಿಸಿ ಇದರಿಂದಲೇ ಮುಗಿಸುತ್ತಾರೆ. ಹೀಗೆ ಆರು ಶಬ್ದಗಳ ಒಂದು ವಾಕ್ಯವು ಪೋಲೀಸರ, ವಕೀಲರ, ನ್ಯಾಯಾಧೀಶರ ಕೆಲಸವನ್ನೆಲ್ಲ ತಾನೊಂದೇ ಮಾಡಿ, ಪ್ರತಿ ಸಲವೂ ಒಂದೇ ಪಕ್ಷಕ್ಕೆ ಜಯವನ್ನು ಕೊಡುತ್ತಲಿದೆ. ಈ ತೀರ್ಪಿನ ಮೇಲೆ ವಾಚಕರ ಮುಂದೆ ಅಪೀಲು ಮಾಡುವುದೇ ಪ್ರಕೃತ ಲೇಖನದ ಉದ್ದೇಶವು.

ಗಾದೆಯ ಮೇಲೆ ನಮಗೆ ಮುನಿಸಿಲ್ಲ. ಅದು ಜಗಳವನ್ನು ಕುರಿತು ಹೇಳಿದ ಮಾತು. ಜಗಳದ ಮಟ್ಟಿಗೆ ಸತ್ಯವೂ ಹೌದು. ಪಲ್ಯಕ್ಕೆ ಉಪ್ಪು ಹೆಚ್ಚಾಯಿತೆಂದು, ಬೀಗರ ಮದುವೆಗೆ ಯಾರು ಹೋಗಬೇಕೆಂದು, ಕಡಲೆ ಮಾರಿದ ಹಣದಿಂದ ಎತ್ತು ಕೊಳ್ಳಬೇಕೋ ಸಾಲ ತೀರಿಸಬೇಕೋ ಎಂದು ಗಂಡಹೆಂಡಿರು ಜಗಳಾಡುತ್ತಾರೆ. ಅಲ್ಲಿ ಇಬ್ಬರಿಗೂ ಬಾಯಿಯುಂಟು. ಒಂದು ದಿನ ಅವನು ಸೋತರೆ ಇನ್ನೊಂದು ದಿನ ಅವಳು ಸೋಲುತ್ತಾಳೆ. ಉಂಡು ಮಲಗುವ ಹೊತ್ತಿಗೆ ಇಬ್ಬರಿಗೂ ನಗೆ ಬರುತ್ತದೆ. ಇಂಥ ಜಗಳಕ್ಕೆ ಪಂಚರೂ ಬೇಡ, ಕಾಯಿದೆಯೂ ಬೇಡ. ಆದರೆ ಒಬ್ಬನು ಹೊಡೆಯುವವನೂ ಒಬ್ಬಳು ಹೊಡೆಸಿಕೊಳ್ಳುವವಳೂ ಆಗಿರುವಲ್ಲಿ ಜಗಳವೆಲ್ಲಿಯದು? ಚಕ್ಕಡಿಗೂ ಅದರ ಗಾಲಿಗೆ ಸಿಕ್ಕಿದ ಕೋಳಿಗೂ ಜಗಳವಾಯಿತೆಂದು ಯಾರಾದರೂ ಹೇಳುವರೇ? ಅದಕ್ಕೆ ಕನ್ನಡದಲ್ಲಿ ಬೇರೆ ಶಬ್ದವಿದೆ. ಹಿಂಸೆಯೆಂದು ಅದರ ಹೆಸರು. ಹಿಂಸೆಯನ್ನು ಜಗಳವೆಂದು ಕರೆದು ಗಾದೆಯ ಆಶ್ರಯಕ್ಕೆ ತಂದದ್ದೇ ನಾವು ಮಾಡಿದ ಮೊದಲನೆಯ ಅನ್ಯಾಯವು.

ಜಗಳಕ್ಕೂ ಹಿಂಸೆಗೂ ಇರುವ ಭೇದವನ್ನು ತಿಳಿಯುವ ಬಗೆ ಯಾವುದು? ಒಂದೇ ಒರೆಗಲ್ಲು ಸಾಕು, ಅದು ಅಂಜಿಕೆ. ಜಗಳವಾದ ಮನೆಯಲ್ಲಿ ಮರುದಿನ ಇಬ್ಬರೂ ಮುಖ ಊದಿಸಿಕೊಂಡಿರುತ್ತಾರೆ; ಹಿಂಸೆಯಾದ ಮನೆಯಲ್ಲಿ ಒಬ್ಬಳು ಮಾತ್ರ ಮುಖ ಮುಚ್ಚಿಕೊಂಡಿರುತ್ತಾಳೆ. ಯಜಮಾನನ ಕಾಲಸಪ್ಪಳ ಕೇಳಿದೊಡನೆ ಮಕ್ಕಳು ಆಟವನ್ನು ನಿಲ್ಲಿಸಿ ಮೂಲೆ ಸೇರುವ ಮನೆ, ತವರಿನಿಂದ ಫೋನು ಬಂದರೆ ಸೊಸೆಯು ಅತ್ತೆಯ ಮುಖವನ್ನು ನೋಡಿ ಉತ್ತರ ಕೊಡುವ ಮನೆ, ಸಂತೆಯಿಂದ ಅರ್ಧ ತಾಸು ತಡವಾಗಿ ಬಂದರೆ ದಾರಿಯಲ್ಲಿ ಯಾರ ಸಂಗಡ ಮಾತಾಡಿದೆಯೆಂದು ಲೆಕ್ಕ ಕೇಳುವ ಮನೆ, ಇವುಗಳಲ್ಲಿ ಇನ್ನೂ ಕೈಯೆತ್ತದಿದ್ದರೂ ಹಿಂಸೆಯು ವಾಸವಾಗಿದೆಯೆಂದೇ ತಿಳಿಯತಕ್ಕದ್ದು. ಇನ್ನು ಹೊಡೆದ ಮೂರನೆಯ ದಿನ ಸಂತೆಯಿಂದ ಸೀರೆಯನ್ನು ತಂದು, ಮಕ್ಕಳ ಆಣೆಯಿಟ್ಟು, ಇನ್ನು ಮುಂದೆ ಹೀಗಾಗದೆಂದು ಹೇಳುವ ಗಂಡನಿದ್ದಾನೆ. ಗಾದೆ ನಿಜವಾಯಿತೆಂದು ಎಲ್ಲರೂ ಹಿಗ್ಗುತ್ತಾರೆ. ಆ ಸೀರೆಯ ಮಡಿಕೆ ಬಿಚ್ಚುವ ಮೊದಲೇ ಮತ್ತೊಂದು ಪೆಟ್ಟು ಬಿದ್ದರೆ ಆ ಸೀರೆಯು ಪಶ್ಚಾತ್ತಾಪವಲ್ಲ, ಮುಂದಿನ ಪೆಟ್ಟಿಗೆ ಕೊಟ್ಟ ಸಂಚಕಾರವೆಂದು ಅರಿಯಬೇಕು.

ಕಾಯಿದೆಯು ನಮಗಿಂತ ಮೊದಲೇ ಈ ಭೇದವನ್ನು ಗುರುತಿಸಿದೆ. ೨೦೦೫ರಲ್ಲಿ ಪಾರ್ಲಿಮೆಂಟಿನಲ್ಲಿ ಅಂಗೀಕೃತವಾಗಿ ೨೦೦೬ರ ಅಕ್ಟೋಬರ ೨೬ರಿಂದ ಜಾರಿಯಲ್ಲಿರುವ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣೆಯ ಕಾಯಿದೆಯು ಹಿಂಸೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ: ದೇಹಕ್ಕೆ ಕೊಡುವ ನೋವು, ಮನಸ್ಸಿಲ್ಲದ ಹೆಣ್ಣಿನ ಮೇಲೆ ನಡೆಸುವ ಲೈಂಗಿಕ ಬಲಾತ್ಕಾರ, ಮಾತಿನಿಂದ ಮತ್ತು ಮನಸ್ಸಿಗೆ ಕೊಡುವ ಪೀಡೆ, ಹಣಕಾಸಿನ ಪೀಡೆ. ಮಕ್ಕಳಾಗಲಿಲ್ಲವೆಂದು, ಗಂಡುಮಗು ಹುಟ್ಟಲಿಲ್ಲವೆಂದು ಹಂಗಿಸುವುದು ಕೂಡ ಹಿಂಸೆಯೇ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ನಮ್ಮ ಹಳ್ಳಿಗಳಲ್ಲಿ ಎಷ್ಟು ಅತ್ತೆಯಂದಿರು ನಿತ್ಯವೂ ಆಡುವ ಮಾತಿದು! ತವರಿನಿಂದ ಬಂದ ಬಂಗಾರವನ್ನು ಅವಳ ಒಪ್ಪಿಗೆಯಿಲ್ಲದೆ ಒತ್ತೆಯಿಡುವುದು, ಕೂಲಿಯನ್ನು ಅವಳ ಕೈಗೆ ಹತ್ತಗೊಡದೆ ತಾನೇ ಇಸಿದುಕೊಳ್ಳುವುದು, ಮನೆಯ ಖರ್ಚಿಗೆ ಕೊಡದಿರುವುದು, ಇವು ನಾಲ್ಕನೆಯ ಬಗೆಯವು. ೨೦೨೩ರ ಅಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ ತಿಂಗಳ ೨೦೦೦ ರೂಪಾಯಿಗಳನ್ನು ಹೆಂಡತಿಯ ಹೆಸರಿನ ಖಾತೆಯಿಂದ ತೆಗೆಯಿಸಿ ತನ್ನ ಅಂಗಿಯ ಕಿಸೆಗೆ ಸೇರಿಸುವ ಗೃಹಸ್ಥನು ತಾನು ಹಿಂಸಕನೆಂದು ಕನಸಿನಲ್ಲಿಯೂ ತಿಳಿದಿರಲಾರನು; ಆದರೆ ಕಾಯಿದೆಗೆ ಅದು ತಿಳಿದಿದೆ.

ಇದು ಅಲ್ಲೊಂದು ಇಲ್ಲೊಂದು ಮನೆಯ ಮಾತೆಂದು ಸಮಾಧಾನ ತಾಳುವವರಿಗೆ ಒಂದು ಅಂಕೆಯನ್ನು ತೋರಿಸಬೇಕಾಗಿದೆ. ೨೦೧೯ರಿಂದ ೨೦೨೧ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮದುವೆಯಾದ ೧೮ರಿಂದ ೪೯ ವರ್ಷದ ಕನ್ನಡನಾಡಿನ ಸ್ತ್ರೀಯರಲ್ಲಿ ನೂರಕ್ಕೆ ೪೪ ಮಂದಿಗೂ ಮಿಕ್ಕಿ ತಾವು ಗಂಡನ ಕೈಯಿಂದ ಹಿಂಸೆಯನ್ನುಂಡವರೆಂದು ಹೇಳಿದರು. ಇಡಿಯ ಭರತಖಂಡದ ಸರಾಸರಿಯು ನೂರಕ್ಕೆ ೨೯ರಷ್ಟು. ರಾಜ್ಯಗಳ ಸಾಲಿನಲ್ಲಿ ಮೊದಲನೆಯ ಸ್ಥಾನ ನಮ್ಮದು! ವಿದ್ಯೆಯಲ್ಲಿ, ಉದ್ಯಮದಲ್ಲಿ ಮುಂದುವರಿದೆವೆಂದು ಮೀಸೆ ತಿರುವುವ ನಾವು ಈ ಪ್ರಥಮ ಸ್ಥಾನವನ್ನು ಯಾವ ಸಭೆಯಲ್ಲಿ ಹೇಳಿಕೊಳ್ಳೋಣ? ಹಿಂದಿನ ಸಮೀಕ್ಷೆಯಲ್ಲಿ ಈ ಅಂಕೆ ನೂರಕ್ಕೆ ೨೦ರ ಸುಮಾರಿಗಿತ್ತು. ಹಿಂಸೆಯೇ ಇಮ್ಮಡಿಯಾಯಿತೋ, ಬಾಯಿ ಬಿಟ್ಟು ಹೇಳುವ ಧೈರ್ಯವು ಇಮ್ಮಡಿಯಾಯಿತೋ ಎಂದು ಪಂಡಿತರು ಚರ್ಚಿಸಲಿ. ಎರಡನೆಯದೇ ನಿಜವಾದರೆ, ಮೊದಲು ಎಷ್ಟು ಬಾಯಿಗಳನ್ನು ನಾವು ಮುಚ್ಚಿಸಿದ್ದೆವೆಂಬುದಕ್ಕೆ ಅದೇ ಸಾಕ್ಷಿಯಾಗುತ್ತದೆ. ಇದಕ್ಕಿಂತ ಭಯಂಕರವಾದ ಅಂಕೆ ಇನ್ನೊಂದುಂಟು. ದೇಶದಲ್ಲಿ ಹಿಂಸೆಗೆ ಗುರಿಯಾದ ಸ್ತ್ರೀಯರಲ್ಲಿ ನೂರಕ್ಕೆ ೭೭ ಮಂದಿ ಯಾರ ಸಹಾಯವನ್ನೂ ಬೇಡಲಿಲ್ಲ, ಯಾರ ಮುಂದೆಯೂ ಹೇಳಿಕೊಳ್ಳಲಿಲ್ಲ. ಸಹಾಯವನ್ನು ಬೇಡಿದವರು ೧೪ ಮಂದಿ ಮಾತ್ರ. ಹೇಳಿದರೂ ಪ್ರಯೋಜನವಿಲ್ಲವೆಂಬುದನ್ನು ಆ ೭೭ ಮಂದಿಗೆ ಕಲಿಸಿದವರು ಯಾರು? ಗಾದೆ ಹೇಳಿದ ನಾವೇ ಅಲ್ಲವೇ?

ಈಗ ದೈವದ ಕಟ್ಟೆಯ ಮಾತಿಗೆ ಬರೋಣ. ನಮ್ಮ ಹಿರಿಯರು ದುಷ್ಟರಲ್ಲ. ಬದುವಿನ ತಂಟೆಯನ್ನೂ ಅಣ್ಣತಮ್ಮಂದಿರ ಪಾಲನ್ನೂ ಕೋರ್ಟಿನ ಮೆಟ್ಟಿಲು ಹತ್ತದಂತೆ ಬಗೆಹರಿಸಿದ ಹಿರಿಮೆ ಅವರಿಗುಂಟು. ಆದರೆ ಬದುವಿನ ನ್ಯಾಯದ ರೀತಿಯನ್ನೇ ಅವರು ಹೆಂಡತಿಯ ನ್ಯಾಯಕ್ಕೂ ತರುತ್ತಾರೆ. ಎರಡೂ ಕಡೆಗೆ ತಪ್ಪಿದೆ, ಎರಡೂ ಕಡೆಯವರು ಸ್ವಲ್ಪ ಸ್ವಲ್ಪ ಬಿಡಬೇಕೆಂಬುದು ಆ ರೀತಿ. ಹೊಲದಲ್ಲಿ ಎರಡು ಮೊಳ ಬಿಡಬಹುದು. ಮೈಯಲ್ಲಿ ಎಷ್ಟು ಮೊಳ ಬಿಡಬೇಕು? ಕಟ್ಟೆಯ ಮೇಲೆ ಕೇಳುವ ಮೊದಲನೆಯ ಪ್ರಶ್ನೆಯೇ 'ಯಾಕೆ ಹೊಡೆದ?' ಎಂಬುದು. ಈ ಪ್ರಶ್ನೆ ಬಾಯಿಂದ ಬಿದ್ದ ಕ್ಷಣವೇ ನ್ಯಾಯವು ಕೆಟ್ಟಿತು. ಯಾಕೆಂದರೆ ತಕ್ಕ ಕಾರಣವಿದ್ದರೆ ಹೊಡೆಯಬಹುದೆಂಬ ಒಪ್ಪಿಗೆಯು ಅದರಲ್ಲಿಯೇ ಅಡಗಿದೆ. ಮುಂದೆ ವಿಚಾರಣೆಯಾಗುವುದು ಹೊಡೆದವನದಲ್ಲ, ಹೊಡೆಸಿಕೊಂಡವಳದು. ಅಡಿಗೆ ತಡವಾಯಿತೇ, ಎದುರುತ್ತರ ಕೊಟ್ಟೆಯಾ, ತವರಿಗೆ ಹೇಳದೆ ಹೋದೆಯಾ ಎಂದು ಅವಳ ಬಾಳೆಲ್ಲವೂ ಕಟ್ಟೆಯ ಮೇಲೆ ಹರಡಲ್ಪಡುತ್ತದೆ.

೨೦೦೫ರ ಕಾಯಿದೆಗೆ ಅನುಸರಿಸಿ ೨೦೦೬ರಲ್ಲಿ ಹೊರಟ ನಿಯಮಗಳಲ್ಲಿ ೧೪ನೆಯದನ್ನು ಪ್ರತಿಯೊಂದು ಊರಿನ ಹಿರಿಯರೂ ಓದತಕ್ಕದ್ದು. ಕಾಯಿದೆಯು ರಾಜಿಗೆ ವಿರೋಧಿಯಲ್ಲ. ಮ್ಯಾಜಿಸ್ಟ್ರೇಟರು ಆಪ್ತಸಲಹೆಗಾರರ ಬಳಿಗೆ ಕಳಿಸಬಹುದು, ಹೆಣ್ಣುಮಗಳು ಇಚ್ಛಿಸಿದರೆ ಒಪ್ಪಂದವಾಗಬಹುದು. ಆದರೆ ಅಲ್ಲಿ ಹೊಡೆದದ್ದಕ್ಕೆ ಸಮರ್ಥನೆಯನ್ನು ಹೇಳಗೊಡಬಾರದು, ಈ ಮಾತನ್ನು ಎದುರುಗಾರನಿಗೆ ಮೊದಲೇ ತಿಳಿಸಬೇಕು, ಇನ್ನು ಮುಂದೆ ಇಂಥ ಹಿಂಸೆಯನ್ನು ಮಾಡುವುದಿಲ್ಲವೆಂದು ಅವನಿಂದ ಮುಚ್ಚಳಿಕೆಯನ್ನು ಬರೆಸಿಕೊಳ್ಳಬೇಕು ಎಂದು ಆ ನಿಯಮವು ವಿಧಿಸುತ್ತದೆ. ನಮ್ಮ ಕಟ್ಟೆಯ ರಾಜಿಗೂ ಈ ರಾಜಿಗೂ ಇರುವ ಅಂತರವು ಇಷ್ಟೇ, ಮತ್ತು ಇದೇ ಸರ್ವಸ್ವವು. 'ಯಾಕೆ ಹೊಡೆದ?' ಎಂಬ ಪ್ರಶ್ನೆಯಿಂದ ನಮ್ಮ ಹಿರಿಯರು ಆರಂಭಿಸುತ್ತಾರೆ. ಕಾಯಿದೆಯು ಆ ಪ್ರಶ್ನೆಯ ಉತ್ತರವನ್ನೇ ಬಾಗಿಲ ಹೊರಗೆ ಇರಿಸುತ್ತದೆ.

ಈ ದೋಷವು ಓದುಬರಹ ತಿಳಿಯದ ಹಳ್ಳಿಗರದಷ್ಟೇ ಎಂದು ಪೇಟೆಯವರು ನಗಬಾರದು. ೨೦೧೨ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯದ ಪೀಠದಿಂದಲೇ ಒಬ್ಬ ನ್ಯಾಯಮೂರ್ತಿಗಳು, ಗಂಡನ ಹೊಡೆತವನ್ನು ದೂರಿಕೊಂಡ ಹೆಣ್ಣುಮಗಳಿಗೆ, ಅವನು ಚೆನ್ನಾಗಿ ಗಳಿಸುವವನು, ನಿನ್ನನ್ನು ನೋಡಿಕೊಳ್ಳುವನು, ಇನ್ನೂ ಹೊಡೆತದ ಮಾತೇಕೆ ಎಂಬರ್ಥದಲ್ಲಿ ಆಡಿದ ಮಾತು ಪತ್ರಿಕೆಗಳಲ್ಲೆಲ್ಲ ಬಂದು ಖಂಡನೆಗೆ ಗುರಿಯಾಯಿತು. ಕಟ್ಟೆಯು ಕಲ್ಲಿನದಿರಲಿ, ನ್ಯಾಯಾಲಯದ್ದಿರಲಿ, ಗಾದೆ ಒಂದೇ! ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸನು ರಚಿಸಿದನೆಂದು ನಾವು ಹೆಮ್ಮೆಪಡುವ ಭಾರತವನ್ನು ನಮ್ಮ ಜನರು ತಲೆತಲಾಂತರದಿಂದ ಕೇಳುತ್ತ ಬಂದವರು. ತುಂಬಿದ ಸಭೆಯಲ್ಲಿ ದ್ರೌಪದಿಯು ಧರ್ಮಪ್ರಶ್ನೆಯನ್ನು ಕೇಳಿದಾಗ ಭೀಷ್ಮದ್ರೋಣಾದಿಗಳಿಂದ ನೇರವಾದ ಉತ್ತರ ಬರಲಿಲ್ಲ. ಬಾಯ್ದೆರೆದು ನ್ಯಾಯವನ್ನಾಡಿದವನು ಹುಡುಗನಾದ ವಿಕರ್ಣನು. ಕಥೆಯನ್ನು ಕೇಳುವಾಗ ನಾವೆಲ್ಲರೂ ವಿಕರ್ಣನ ಪಕ್ಷದವರು. ಓಣಿಯಲ್ಲಿ ಕೂಗು ಕೇಳಿದಾಗ ಎಲ್ಲರೂ ಭೀಷ್ಮರು.

ತವರಿನವರ ಪಾಲಿನ ತಪ್ಪು ಕಡಿಮೆಯದಲ್ಲ. 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗು' ಎಂಬುದು ಅವರ ಗಾದೆ. ಇದು ಈಗ ಕಾಯಿದೆಯ ಪ್ರಕಾರವೂ ಸುಳ್ಳು. ಕರ್ನಾಟಕವು ೧೯೯೪ರಲ್ಲಿಯೂ, ಬಳಿಕ ೨೦೦೫ರಲ್ಲಿ ಇಡಿಯ ದೇಶವೂ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನ ಸರಿಸಮನಾದ ಪಾಲನ್ನು ಕೊಟ್ಟಿವೆ. ಆದರೆ ನಡೆಯುವುದೇನು? ಅರಿಷಿಣ ಕುಂಕುಮ ಕೊಟ್ಟು, ಒಂದು ಸೀರೆಯನ್ನು ಉಡಿಸಿ, ಹಕ್ಕುಬಿಡುಗಡೆಯ ಪತ್ರಕ್ಕೆ ಮಗಳ ಹೆಬ್ಬೆಟ್ಟನ್ನು ಒತ್ತಿಸುತ್ತಾರೆ. ಆ ಹೆಬ್ಬೆಟ್ಟಿನೊಡನೆ ಅವಳು ಹೊರಳಿ ಬರುವ ದಾರಿಯೂ ಮುಚ್ಚುತ್ತದೆ. ಎರಡೆಕರೆ ಎರೆಹೊಲವು ತನ್ನ ಹೆಸರಿಗಿರುವ ಹೆಣ್ಣುಮಗಳ ಮೇಲೆ ಕೈಯೆತ್ತುವಾಗ ಗಂಡನು ಎರಡು ಸಲ ವಿಚಾರ ಮಾಡುತ್ತಾನೆ. ಹೋಗಲಿಕ್ಕೆ ಎಡೆಯಿಲ್ಲದವಳನ್ನು ಹೊಡೆಯಲಿಕ್ಕೆ ವಿಚಾರವೇಕೆ? ಮಗಳಿಗೆ ಹತ್ತು ತೊಲೆ ಬಂಗಾರವನ್ನು ಹಾಕುವುದಕ್ಕಿಂತ, 'ನಿನ್ನ ಕೋಣೆ ಇಲ್ಲಿದೆ' ಎಂದು ಹೇಳುವ ತಂದೆಯೇ ಅವಳಿಗೆ ನಿಜವಾದ ಸ್ತ್ರೀಧನವನ್ನು ಕೊಟ್ಟವನು.

ನಮ್ಮ ಮಾತಿಗೆ ಬರಬಹುದಾದ ಕೆಲವು ಆಕ್ಷೇಪಗಳನ್ನು ಈಗ ಪರಾಮರ್ಶಿಸೋಣ.

ಮೊದಲನೆಯದು: ಹೊಡೆಯುವವನು ಗಂಡನಲ್ಲ, ಅವನೊಳಗಿನ ಸೆರೆ, ಸೆರೆಯನ್ನು ನಿಲ್ಲಿಸಿದರೆ ಎಲ್ಲವೂ ಸರಿಹೋಗುವುದು. ಸೆರೆಯು ಮನೆ ಮುರಿಯುತ್ತದೆಂಬುದು ನಿರ್ವಿವಾದವು. ಆದರೆ ೨೦೦೭ರ ಜುಲೈ ೧ರಿಂದ ಕರ್ನಾಟಕದಲ್ಲಿ ಸಾರಾಯಿ ಬಂದಾಯಿತು. ಮೇಲೆ ಹೇಳಿದ ನೂರಕ್ಕೆ ೪೪ರ ಅಂಕೆಯು ಅದಾದ ಹನ್ನೆರಡು ವರ್ಷಗಳ ತರುವಾಯದ್ದು. ಅದೂ ಅಲ್ಲದೆ, ಕುಡಿದ ಮನುಷ್ಯನು ದಾರಿಯಲ್ಲಿ ಸಾಲಕೊಟ್ಟ ಸಾಹುಕಾರನನ್ನು ಕಂಡರೆ ಕೈ ಮುಗಿಯುತ್ತಾನೆ, ಫೌಜದಾರನನ್ನು ಕಂಡರೆ ಬದಿಗೆ ಸರಿಯುತ್ತಾನೆ, ಮನೆಗೆ ಬಂದು ಹೆಂಡತಿಯನ್ನು ಹೊಡೆಯುತ್ತಾನೆ. ಯಾರನ್ನು ಹೊಡೆದರೆ ಕೇಳುವವರಿಲ್ಲವೆಂಬ ತಿಳಿವಳಿಕೆಯು ಎಷ್ಟು ಕುಡಿದರೂ ಇಳಿಯದು. ಆ ತಿಳಿವಳಿಕೆಯನ್ನು ಕೊಟ್ಟದ್ದು ಸೆರೆಯಲ್ಲ, ಸಮಾಜವು.

ಎರಡನೆಯದು: ಹೆಂಗಸರು ಸುಳ್ಳು ಖಟ್ಲೆಗಳನ್ನು ಹೂಡಿ ಗಂಡಂದಿರನ್ನು ಜೇಲಿಗೆ ಕಳಿಸುತ್ತಾರೆ. ಸುಳ್ಳು ದೂರು ಎಲ್ಲ ಕಾಯಿದೆಗಳಲ್ಲಿಯೂ ಉಂಟು; ಬದುವಿನ ಸುಳ್ಳು ಖಟ್ಲೆಗಳಿಗಾಗಿ ಹೊಲಗಳ ಕಾಯಿದೆಯನ್ನು ಯಾರೂ ರದ್ದುಪಡಿಸಲಿಲ್ಲ. ೧೯೮೩ರಲ್ಲಿ ದಂಡಸಂಹಿತೆಗೆ ಸೇರಿದ ೪೯೮ಎ ಕಲಮು ೨೦೨೪ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ ೮೫ನೆಯ ಕಲಮಾಗಿದೆ. ದೂರು ಬಂದೊಡನೆ ಕಣ್ಣು ಮುಚ್ಚಿ ಬಂಧಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯವು ೨೦೧೪ರಲ್ಲಿಯೇ ಪೋಲೀಸರಿಗೆ ವಿಧಿಸಿದೆ. ಇನ್ನು ೨೦೦೫ರ ಕಾಯಿದೆಯು ಮೊದಲಿಗೆ ಯಾರನ್ನೂ ಜೇಲಿಗೆ ಅಟ್ಟುವುದಿಲ್ಲ. ಹೊಡೆಯಬೇಡ, ಮನೆಯಿಂದ ಹೊರಗೆ ಹಾಕಬೇಡ, ಹೊಟ್ಟೆಗೆ ಬಟ್ಟೆಗೆ ಕೊಡು ಎಂದು ಆಜ್ಞೆ ಮಾಡುತ್ತದೆ. ಸಂರಕ್ಷಣೆಯ ಆ ಆಜ್ಞೆಯನ್ನು ಮೀರಿದರೆ ಮಾತ್ರ ಒಂದು ವರ್ಷದ ವರೆಗೆ ಸೆರೆವಾಸ ಅಥವಾ ೨೦,೦೦೦ ರೂಪಾಯಿಗಳ ವರೆಗೆ ದಂಡ, ಇಲ್ಲವೆ ಎರಡೂ. ಹೊಡೆಯಬೇಡವೆಂಬ ಆಜ್ಞೆಗೆ ಅಂಜುವವನು ಯಾರು? ವಾಚಕರೇ ಊಹಿಸಲಿ.

ಮೂರನೆಯದು: ಇವೆಲ್ಲ ಪರದೇಶದ ವಿಚಾರಗಳು, ನಮ್ಮ ಸಂಸ್ಕೃತಿಗೆ ಒಗ್ಗವು. ಯಾವ ಸಂಸ್ಕೃತಿ? ನಮ್ಮ ಗಜೇಂದ್ರಗಡ ತಾಲೂಕಿನ ಸೂಡಿಯಲ್ಲಿ ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯರ ಅಕ್ಕಾದೇವಿಯು ಕಿಸುಕಾಡು ಎಪ್ಪತ್ತನ್ನು ಆಳಿದಳೆಂದು ಶಾಸನಗಳು ಹೇಳುತ್ತವೆ. ಅದೇ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರವನ್ನು ಬರೆದು ಸ್ತ್ರೀಧನದ ಅರ್ಥವನ್ನು ವಿಶಾಲಗೊಳಿಸಿದನು. ಅವನು ವ್ಯಾಖ್ಯಾನ ಬರೆದ ಯಾಜ್ಞವಲ್ಕ್ಯಸ್ಮೃತಿಯು ಹೆಂಡತಿಯ ಧನವನ್ನು ಗಂಡನು ತೆಗೆದುಕೊಂಡು ಹಿಂತಿರುಗಿಸದಿರಲು ಬರಗಾಲ, ಧರ್ಮಕಾರ್ಯ, ರೋಗ, ಸೆರೆ ಎಂಬ ನಾಲ್ಕೇ ಸಂದರ್ಭಗಳನ್ನು ಒಪ್ಪುತ್ತದೆ. ಇಸ್ಪೀಟು ಮತ್ತು ಸೆರೆಯಂಗಡಿಗಳು ಆ ಪಟ್ಟಿಯಲ್ಲಿಲ್ಲ. ಪೂರ್ವಜರ ಹೆಸರನ್ನೆತ್ತುವವರು ಮೊದಲು ಪೂರ್ವಜರು ಬರೆದದ್ದನ್ನು ಓದಲಿ.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯ ಕರ್ತವ್ಯವು ಕೇಳುವವನದು. ಹೆಣ್ಣುಮಗಳು ಬಂದು ಹೇಳಿಕೊಂಡಾಗ ನಂಬಿ ಕೇಳಬೇಕು; ಬುದ್ಧಿವಾದವನ್ನು ಆಮೇಲೆ ಹೇಳಬಹುದು. ದವಾಖಾನೆಯಲ್ಲಿ ಕಾಲು ಜಾರಿ ಬಿದ್ದೆನೆಂದು ಹೇಳದೆ, ಹೊಡೆದದ್ದನ್ನು ಹೊಡೆತವೆಂದೇ ಬರೆಯಿಸಬೇಕು. ಕೇಳಿದರೆ ಔಷಧೋಪಚಾರ ಮಾಡುವುದು ಆಸ್ಪತ್ರೆಯ ಕರ್ತವ್ಯವೆಂದು ಕಾಯಿದೆ ಹೇಳುತ್ತದೆ. ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಕರ್ನಾಟಕದಲ್ಲಿ ಸಂರಕ್ಷಣಾಧಿಕಾರಿಗಳು. ಊರಿನ ಅಂಗನವಾಡಿಯವರಿಗೆ ಆ ಕಚೇರಿಯ ದಾರಿ ಗೊತ್ತಿದೆ. ಅವರು ನಡೆದ ಸಂಗತಿಯ ವರದಿಯನ್ನು ಬರೆದು ಮ್ಯಾಜಿಸ್ಟ್ರೇಟರಿಗೆ ಸಲ್ಲಿಸುತ್ತಾರೆ. ಅರ್ಜಿ ಮುಟ್ಟಿದ ಮೂರು ದಿನಗಳೊಳಗೆ ಮೊದಲನೆಯ ವಿಚಾರಣೆ, ಅರವತ್ತು ದಿನಗಳೊಳಗೆ ತೀರ್ಮಾನವೆಂಬುದು ಕಾಯಿದೆಯ ಉದ್ದೇಶ. ಅಪಾಯವಿದ್ದರೆ ಎದುರುಗಾರನಿಗೆ ಕಾಯದೆಯೂ ಮಧ್ಯಂತರ ಆಜ್ಞೆಯನ್ನು ಕೊಡಬಹುದು. ಮನೆ ಮಾವನ ಹೆಸರಿಗಿದ್ದರೂ ಸಂಸಾರ ಮಾಡಿದ ಮನೆಯಲ್ಲಿರುವ ಹಕ್ಕನ್ನು ಸೊಸೆಯು ಕೇಳಬಹುದೆಂದು ಸರ್ವೋಚ್ಚ ನ್ಯಾಯಾಲಯವು ೨೦೨೦ರಲ್ಲಿ ತೀರ್ಪು ಕೊಟ್ಟಿದೆ. ವಕೀಲರ ಹಣಕ್ಕಾಗಿ ಅಂಜಬೇಕಾಗಿಲ್ಲ. ೧೯೮೭ರ ಕಾನೂನು ಸೇವೆಗಳ ಕಾಯಿದೆಯು ಆದಾಯವನ್ನು ನೋಡದೆ ಎಲ್ಲ ಸ್ತ್ರೀಯರಿಗೂ ವಕೀಲರನ್ನು ಪುಕ್ಕಟೆಯಾಗಿ ಕೊಡುತ್ತದೆ. ಜಿಲ್ಲೆಗೊಂದರಂತೆ ಸ್ಥಾಪಿತವಾದ ಸಖಿ ಕೇಂದ್ರಗಳಲ್ಲಿ ವೈದ್ಯರು, ಪೋಲೀಸರು, ವಕೀಲರು ಇವರೆಲ್ಲರ ನೆರವೂ ತಾತ್ಪೂರ್ತಿಕ ಆಶ್ರಯವೂ ಒಂದೇ ಸೂರಿನಡಿಯಲ್ಲಿ ದೊರೆಯುತ್ತವೆ. ೨೦೨೩ರ ಜೂನದಿಂದ ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ಸ್ತ್ರೀಯರಿಗೆ ಟಿಕೀಟಿನ ಹಣವಿಲ್ಲವಾದುದರಿಂದ ಗದಗು ಮೊದಲಿನಷ್ಟು ದೂರವಲ್ಲ. ಪ್ರಾಣಕ್ಕೆ ಅಪಾಯವಿದ್ದಲ್ಲಿ ೧೧೨, ಸಲಹೆ ಸಹಾಯಗಳಿಗೆ ೧೮೧, ಕಾನೂನಿನ ನೆರವಿಗೆ ೧೫೧೦೦: ಈ ಮೂರು ಅಂಕೆಗಳನ್ನು ಗುಡಿಯ ಗೋಡೆಯ ಮೇಲೆಯೂ ಹಿಟ್ಟಿನ ಗಿರಣಿಯ ಬಾಗಿಲ ಮೇಲೆಯೂ ಬರೆಯಿಸಲು ನೂರು ರೂಪಾಯಿಯ ಬಣ್ಣ ಸಾಕು.

ಸರಕಾರಕ್ಕೂ ಒಂದು ಮಾತು ಹೇಳಬೇಕು. ಅಂಗನವಾಡಿ, ಪೌಷ್ಟಿಕ ಆಹಾರ, ಹತ್ತೆಂಟು ಯೋಜನೆಗಳ ಲೆಕ್ಕ, ಇವೆಲ್ಲವನ್ನೂ ಹೊತ್ತ ಒಬ್ಬ ಅಧಿಕಾರಿಯ ತಲೆಯ ಮೇಲೆ ಸಂರಕ್ಷಣೆಯನ್ನೂ ಹೇರಿದರೆ ಅದು ಕೊನೆಯ ಕಡತವೇ ಆಗುವುದು. ಕಾಯಿದೆ ಹುಟ್ಟಿ ಇಪ್ಪತ್ತು ವರ್ಷಗಳಾಗುತ್ತ ಬಂದಾಗ, ೨೦೨೫ರ ಮೇ ತಿಂಗಳಲ್ಲಿ, ಜಿಲ್ಲೆ ತಾಲೂಕುಗಳಲ್ಲಿ ಸಂರಕ್ಷಣಾಧಿಕಾರಿಗಳನ್ನು ಗೊತ್ತುಪಡಿಸಿರೆಂದು ಸರ್ವೋಚ್ಚ ನ್ಯಾಯಾಲಯವು ರಾಜ್ಯಗಳಿಗೆ ಆಜ್ಞೆ ಮಾಡಬೇಕಾಗಿ ಬಂದುದು ಯಾರಿಗೂ ಭೂಷಣವಲ್ಲ.

ಆದರೂ ಸರಕಾರವು ಗದುಗಿನಲ್ಲಿದೆ, ನೆರೆಮನೆಯು ಗೋಡೆಯಾಚೆಗಿದೆ. ಹಿಂಸೆ ನಡೆದಿದೆಯೆಂದು ತಿಳಿದ ಯಾರೇ ಆಗಲಿ ಸಂರಕ್ಷಣಾಧಿಕಾರಿಗೆ ಸುದ್ದಿಯನ್ನು ಕೊಡಬಹುದು. ಸದ್ಭಾವನೆಯಿಂದ ಕೊಟ್ಟವನ ಮೇಲೆ ದಿವಾಣಿಯಾಗಲಿ ಫೌಜದಾರಿಯಾಗಲಿ ಯಾವ ಹೊಣೆಯೂ ಬರುವುದಿಲ್ಲವೆಂದು ಕಾಯಿದೆಯ ೪ನೆಯ ಕಲಮು ಅಭಯ ಕೊಟ್ಟಿದೆ. ಹೀಗಿರಲು 'ನಮಗೇಕೆ ಊರ ಉಸಾಬರಿ' ಎಂಬ ಮಾತಿಗೆ ಆಧಾರವೆಲ್ಲಿ ಉಳಿಯಿತು? ಮುಶಿಗೇರಿಯ ಹಿರಿಯರಲ್ಲಿಯೂ ಸುತ್ತಣ ಊರುಗಳ ದೈವದವರಲ್ಲಿಯೂ ನಮ್ಮ ವಿಜ್ಞಾಪನೆ ಇಷ್ಟೇ. ಮುಂದಿನ ಸಲ ಹೆಣ್ಣುಮಗಳೊಬ್ಬಳು ಕಟ್ಟೆಗೆ ಬಂದಾಗ ಅವನು ಯಾಕೆ ಹೊಡೆದನೆಂದು ಕೇಳಬೇಡಿರಿ. ಅವಳಿಗೆ ಈ ರಾತ್ರಿ ಅಂಜಿಕೆಯಿಲ್ಲದೆ ಮಲಗಲು ಎಡೆಯುಂಟೇ ಎಂದು ಕೇಳಿರಿ. ಇಲ್ಲವೆಂದು ಅವಳು ಹೇಳಿದರೆ, ಅಂಥ ಎಡೆಯು ಯಾರ ಮನೆಯಲ್ಲಿ ಸಿಕ್ಕೀತೆಂಬುದನ್ನು ತೀರ್ಮಾನಿಸಿಯೇ ಕಟ್ಟೆಯಿಂದ ಏಳಿರಿ.